ಕಿಟಕಿ ಕಚ್ಚುತ್ತೆ

ಚಪ್ಪಲಿಯ ಬಾರು ಕಿತ್ತುಹೋಗದಿದ್ದರೆ ಅವಳಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಹಿಮ್ಮಡಿ ನೋವೆಂದು ಮನೆಯೊಳಗೂ ದಪ್ಪ ರಬ್ಬರಿನ ಚಪ್ಪಲಿ ಮೆಟ್ಟಿಕೊಂಡೇ ಓಡಾಡುವವಳು. ಆ ಬೆಳಿಗ್ಗೆ ನೆಲ ಒರೆಸಿ ಬಕೆಟ್ಟು ಎತ್ತುವಾಗ ಬಾರು ಕಿತ್ತು ಬಂತು. ಹಾಳಾದದ್ದು ಎಂದು ಎರಡನ್ನೂ ಬಚ್ಚಲ ಬಾಗಿಲ ಕಡೆ ಎಸೆದು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಡೆದು ಬಂದು, ಕಿಟಕಿಯ ಪಕ್ಕ ಚಾರ್ಜಿಗೆ ಹಾಕಿದ್ದ ಗಂಡನ ಗಾಡಿಯನ್ನು ಒಂದಿಷ್ಟು ಸರಿಸೋಣವೆಂದು ಅದರ ಕಬ್ಬಿಣದ ಹಿಡಿಗೆ ಕೈ ಹಾಕಿದಳು. ಅಷ್ಟೇ. ಯಾರೋ ತೋಳಿನ ಒಳಗೇ ಕೂತು ಒದ್ದ ಹಾಗಾಯಿತು. ಕೈ ತಾನಾಗಿ ಕಿತ್ತುಕೊಂಡು ಬಂತು, ಬಕೆಟ್ಟು ಉರುಳಿತು, ಕೊಳೆನೀರು ಮೇಜಿನ ಕೆಳಗೆ ಹರಿಯಿತು. ಒಳಕೋಣೆಯಿಂದ ಗಂಡ, "ಏನದು?" ಎಂದ. "ಏನಿಲ್ಲ ರೀ, ಬಕೆಟ್ ಬಿತ್ತು," ಎಂದಳು. ಅಂದ ಮೇಲೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಶಾಕಿನಿಂದಲ್ಲ. ಇಷ್ಟು ದಿನ ಅವನು ಹೇಳುತ್ತಿದ್ದದ್ದು ಇದನ್ನೇ ಎಂದು ಅವಳಿಗೆ ಆಗ ಹೊಳೆದಿತ್ತು.

ಗಾಡಿ ಎಂದರೆ ಬ್ಯಾಟರಿಯಿಂದ ಓಡುವ ಗಾಲಿಕುರ್ಚಿ. ಲಕ್ವ ಹೊಡೆದು ಎಡಗಡೆ ಬಿದ್ದುಹೋದ ಮೇಲೆ ಗಂಡನಿಗೆ ಅದೇ ಕಾಲು. ಇಡೀ ಆಯುಸ್ಸು ಬಸ್ಸು ಓಡಿಸಿದ ಮನುಷ್ಯ, ಕುರ್ಚಿ ಎನ್ನಲು ನಾಲಿಗೆ ಬಾರದೆ ಮೊದಲ ದಿನವೇ ಅದನ್ನು ಗಾಡಿ ಎಂದಿದ್ದ, ಮನೆಮಂದಿಯೆಲ್ಲ ಹಾಗೇ ಅನ್ನತೊಡಗಿದರು. ಅದರ ಜೊತೆ ಬಂದ ಚಾರ್ಜರು ಒಂದು ದಿನ ಸುಟ್ಟು ವಾಸನೆ ಬಿಟ್ಟಿತು. ಅಂಗಡಿಯವನು, "ಆ ಕಂಪನಿಯೇ ಮುಚ್ಚಿಹೋಯ್ತಲ್ಲಮ್ಮ, ಅದಕ್ಕೆ ಹೊಂದೋದು ಈಗ ಎಲ್ಲಿ ಹುಡುಕ್ತೀರಿ," ಎಂದು ಕೈ ಆಡಿಸಿದ. ಆಗ ಬಂದವರು ಭಾವ, ಗಂಡನ ಅಣ್ಣ. ಗಿರಣಿಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದವರು. ಆದರೆ ನಂಟರಲ್ಲಿ ಯಾರ ಮನೆಯ ಮಿಕ್ಸಿ ನಿಂತರೂ, ಇಸ್ತ್ರಿಪೆಟ್ಟಿಗೆ ಕೆಟ್ಟರೂ ಕರೆಯುವುದು ಅವರನ್ನೇ, ಹೆಸರೇ ಇಂಜಿನಿಯರ್ ಭಾವ ಎಂದಾಗಿತ್ತು. ಸುಟ್ಟ ಚಾರ್ಜರನ್ನು ಮನೆಗೆ ಒಯ್ದು, ತಗಡಿನ ಬಿಸ್ಕತ್ತಿನ ಡಬ್ಬಿಯಲ್ಲಿ ಹೊಸದನ್ನು ಕೂಡಿಸಿ ತಂದು, ಮೀಟರು ಇಟ್ಟು ತೋರಿಸಿದರು. ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಬ್ಯಾಟರಿಯ ಒಂದು ತಂತಿಯನ್ನು ಗಾಡಿಯ ಕಬ್ಬಿಣಕ್ಕೇ ಬಿಗಿದು, "ಬಸ್ಸಲ್ಲೂ ಹೀಗೇ ಅಲ್ವೇನೋ, ನೆಗೆಟಿವ್ ತಂತಿ ಬಾಡೀಗೇ ಕಟ್ಟೋದು?" ಎಂದು ತಮ್ಮನ ಬೆನ್ನು ತಟ್ಟಿದರು. ಗಂಡ ಸೊಟ್ಟ ಬಾಯಲ್ಲೇ ನಕ್ಕ. ಅವನಿಗೆ ಅರ್ಥವಾಗುವ ಮಾತನ್ನು ಯಾರೋ ಆಡಿ ಬಹಳ ಕಾಲವಾಗಿತ್ತು. ಅವಳೂ ಭಾವನಿಗೆ ಎರಡನೇ ಲೋಟ ಚಹಾ ಕೊಟ್ಟಳು.

ಅದಾದ ಮೇಲೆಯೇ ಕಿಟಕಿ ಕಚ್ಚತೊಡಗಿದ್ದು. ಬೆಳಿಗ್ಗೆ ಗಾಡಿ ಚಾರ್ಜಿಗಿರುವಾಗ ಗಂಡ ಅದರಲ್ಲೇ ಕೂತು, ಕಿಟಕಿಯ ಸರಳು ಹಿಡಿದು, ಬೀದಿಯ ತಿರುವಿನಲ್ಲಿ ಬಸ್ಸುಗಳು ಹೊರಳುವುದನ್ನು ನೋಡುತ್ತಿದ್ದ. ಯಾವ ಡ್ರೈವರು ಗೇರು ಒರಟಾಗಿ ಹಾಕುತ್ತಾನೆ, ಯಾವನು ಬ್ರೇಕಿನ ಮೇಲೇ ಕಾಲಿಟ್ಟು ಕೂತಿರುತ್ತಾನೆ ಎಂದು ಬೈಯುವುದೇ ಅವನ ದಿನದ ಸಂತೋಷ. ಒಂದು ದಿನ, "ಕಿಟಕಿ ಕಚ್ಚುತ್ತೆ ಕಣೇ," ಎಂದ. ಲಕ್ವದ ನಂತರ ಅವನ ಬಾಯಲ್ಲಿ ಮಾತುಗಳು ಅದಲುಬದಲಾಗುತ್ತಿದ್ದವು. ಲೋಟಕ್ಕೆ ಬಾಗಿಲು ಎನ್ನುತ್ತಿದ್ದ, ಅವಳನ್ನು ಒಮ್ಮೊಮ್ಮೆ ಕಂಡಕ್ಟರ್ ಎಂದು ಕರೆಯುತ್ತಿದ್ದ. ಅದರಲ್ಲಿ ಇದೂ ಒಂದು ಎಂದುಕೊಂಡಳು. ಡಾಕ್ಟರನ್ನು ಕೇಳಿದರೆ, ಬಿದ್ದ ಕೈಯಲ್ಲಿ ಇರುವೆ ಹರಿದ ಹಾಗೆ, ಕರೆಂಟು ಹೊಡೆದ ಹಾಗೆ ಆಗುವುದು ಸಹಜ ಎಂದರು. ಆದರೆ ಅವನು ಸರಳು ಹಿಡಿಯುತ್ತಿದ್ದದ್ದು ಬಲಗೈಯಲ್ಲಿ, ನೆಟ್ಟಗಿರುವ ಕೈಯಲ್ಲಿ. ಅದನ್ನು ಡಾಕ್ಟರಿಗೆ ಹೇಳಬೇಕೆಂದು ಅವಳಿಗೆ ತೋಚಲಿಲ್ಲ. ಭಾವ ಬಂದಾಗ ಗಾಡಿಯನ್ನೂ ಸರಳನ್ನೂ ಮುಟ್ಟಿ ನೋಡಿ, "ಏನೂ ಇಲ್ವಲ್ಲೋ," ಎಂದರು, ಆಮೇಲೆ ಮನೆಮನೆಗೆ ಹೋಗಿ, "ನಮ್ಮ ತಮ್ಮನಿಗೆ ಕಿಟಕಿ ಕಚ್ಚುತ್ತಂತೆ," ಎಂದು ನಗಿಸಿದರು. ಪ್ರೀತಿಯಿಂದಲೇ ನಗಿಸಿದರು ಎನ್ನಿ. ಒಂದು ದಿನ ಕಚ್ಚುತ್ತದೆ ಎನ್ನುವನು, ಮರುದಿನ ಇಲ್ಲ ಎನ್ನುವನು. ಹಾಲು ಉಕ್ಕುತ್ತಿದ್ದ ಒಂದು ಹೊತ್ತಿನಲ್ಲಿ ಅವನು ಮತ್ತೆ ಕೂಗಿದಾಗ ಅವಳು ಒಲೆಯ ಮುಂದಿನಿಂದಲೇ, "ಸಾಕು ಮಾಡ್ರೀ ನಿಮ್ಮ ನಾಟಕ, ನಿನ್ನೆ ಕಚ್ಚದ್ದು ಇವತ್ತು ಹೇಗೆ ಕಚ್ಚುತ್ತೆ?" ಎಂದುಬಿಟ್ಟಿದ್ದಳು. ಅವನು ಆಮೇಲೆ ಹೇಳಲಿಲ್ಲ. ಸ್ವಲ್ಪ ದಿನದಲ್ಲಿ ಗಾಡಿ ಹತ್ತುವುದನ್ನೇ ಬಿಟ್ಟ. ಒಳಕೋಣೆಯ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದವನನ್ನು ಕಂಡು, ಮೈಗಳ್ಳತನ ಕಲಿತುಬಿಟ್ಟರು ಇವರು ಎಂದು ಅವಳು ಪಾತ್ರೆ ಕುಕ್ಕಿದ್ದಳು.

ಈಗ ಅವಳು ಬಕೆಟ್ಟಿನ ನೀರು ಹರಡಿದ್ದ ನೆಲದಿಂದ ಆಚೆ ನಿಂತು, ಟೆಸ್ಟರು ಹುಡುಕಿ ತಂದಳು. ಗಾಡಿಯ ಕಬ್ಬಿಣಕ್ಕೆ ತಾಗಿಸಿದರೆ ಒಳಗಿನ ಪುಟ್ಟ ದೀಪ ಹೊಳೆಯಿತು. ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಸುಮ್ಮನೆ ಕೈಯಲ್ಲಿ ಹಿಡಿದುಕೊಂಡಳು. ಎರಡೇ ಪಿನ್ನು. ಹೀಗೂ ಹಾಕಬಹುದು, ತಿರುಗಿಸಿ ಹಾಗೂ ಹಾಕಬಹುದು. ತಿರುಗಿಸಿ ಹಾಕಿ, ಸ್ವಿಚ್ಚು ಒತ್ತಿ, ಮತ್ತೆ ಟೆಸ್ಟರು ಇಟ್ಟಳು. ದೀಪ ಇಲ್ಲ. ಮತ್ತೆ ಮೊದಲಿನ ಹಾಗೆ ಹಾಕಿದಳು. ದೀಪ. ನಿನ್ನೆ ಕಚ್ಚದ್ದು ಇವತ್ತು ಕಚ್ಚುವುದು ಹೀಗೆ. ಪ್ಲಗ್ಗು ಯಾವ ಮಗ್ಗುಲಾಗಿ ಹೊಕ್ಕಿತು ಎಂಬುದರ ಮೇಲೆ. ಮತ್ತು ದಿನವೂ ನೆಲ ಗುಡಿಸಲು ಅದನ್ನು ಕಿತ್ತು, ಗುಡಿಸಿದ ಮೇಲೆ ಯಾವುದೋ ಯೋಚನೆಯಲ್ಲಿ ಯಾವುದೋ ಮಗ್ಗುಲಿಗೆ ತುರುಕುತ್ತಿದ್ದವಳು ತಾನು. ಇನ್ನೊಬ್ಬರ ಕೈ ಅದಕ್ಕೆ ಸೋಕಿಯೇ ಇರಲಿಲ್ಲ. ರಬ್ಬರು ಗಾಲಿಯ ಮೇಲೆ ಕೂತ ಗಂಡನಿಗೆ ಕೂತಷ್ಟು ಹೊತ್ತು ಏನೂ ಆಗದು, ಸರಳು ಹಿಡಿದ ಕ್ಷಣ ಹೊಡೆಯುತ್ತದೆ, ಏಕೆಂದರೆ ಆ ಸರಳಿಗೆ ಹೊರಗಿನ ನಲ್ಲಿಯ ಕೊಳವೆಯನ್ನು ತಂತಿಯಿಂದ ಬಿಗಿದು ಕಟ್ಟಿದೆ, ಕೊಳವೆ ನೆಲಕ್ಕೆ ಇಳಿದಿದೆ. ಇಷ್ಟೂ ಅವಳಿಗೆ ಗೊತ್ತಿರಬೇಕಾಗಿತ್ತು. ಮದುವೆಗೆ ಮೊದಲೂ ಮದುವೆಯಾದ ಮೇಲೂ ವರ್ಷಗಟ್ಟಲೆ ಟ್ರಾನ್ಸ್‌ಫಾರ್ಮರ್ ಸುತ್ತುವ ಶೆಡ್ಡಿನಲ್ಲಿ ಕೂತು ಸವೆದ ಬೆರಳು ಇವು. ಥೂ ನಿನ್ನ, ಎಂದು ತನ್ನನ್ನೇ ಬೈದುಕೊಂಡು ಪ್ಲಗ್ಗನ್ನು ಕಿತ್ತು, ತಂತಿಯನ್ನು ಸುರುಳಿ ಮಾಡಿ ಮೊಳೆಗೆ ನೇತುಹಾಕಿದಳು.

ಚಹಾ ಒಯ್ದು ಕೊಟ್ಟಾಗ ಹೇಳಿಬಿಡಬೇಕೆಂದೇ ಹೋಗಿದ್ದಳು. ಗಂಡ ಗೋಡೆಯಿಂದ ಮುಖ ತಿರುಗಿಸಿ ಅವಳ ಪಾದಗಳನ್ನು ನೋಡಿ, "ಚಪ್ಪಲಿ ಎಲ್ಲಿ?" ಎಂದ. "ಕಿತ್ತುಹೋಯ್ತು." "ನೋವು ಬರುತ್ತೆ," ಎಂದ. ಅಷ್ಟು ಅಂದು ಚಹಾ ಊದತೊಡಗಿದ. ಈ ಮನುಷ್ಯನ ಮಾತನ್ನು ತಾನು ನಾಟಕ ಎಂದೆನಲ್ಲ. ನಿಮ್ಮದು ನಿಜ ರೀ, ತಪ್ಪಾಯ್ತು ಎಂದರೆ ಮುಗಿಯುತ್ತಿತ್ತು. ಆದರೆ ಹೇಳಿ ಏನು ಕೊಡುವುದು ಅವನಿಗೆ? ಕಿಟಕಿ ಕಚ್ಚುತ್ತಿತ್ತು, ಆದ್ದರಿಂದ ಗಾಡಿ ಇನ್ನು ಇಲ್ಲ, ನೀವು ಮಂಚದಲ್ಲೇ ಇರಿ ಎಂದೇ? ಬ್ಯಾಟರಿ ಖಾಲಿಯಾಗಿ ಹಾಗೇ ಬಿದ್ದಿದ್ದರೆ ಅದೂ ಸಾಯುತ್ತದೆ. ಲೋಟ ಇಸಿದುಕೊಂಡು ಹೊರಬರುವಷ್ಟರಲ್ಲಿ ಅವಳು ನಿರ್ಧರಿಸಿಬಿಟ್ಟಿದ್ದಳು. ಕೈಯಲ್ಲಿ ಸರಿಯಾದ ಚಾರ್ಜರು ಹಿಡಿದು ಅವನ ಮುಂದೆ ನಿಲ್ಲುವುದು, ಅದನ್ನು ತಾನೇ ಸುತ್ತುವುದು.

ಬಿಸ್ಕತ್ತಿನ ಡಬ್ಬಿಯ ತಿರುಪು ಬಿಚ್ಚಿ ನೋಡಿದಾಗ ಅಂದುಕೊಂಡದ್ದೇ ಕಂಡಿತು. ಒಂದೇ ಸುರುಳಿ. ಹಳೆಯದರಲ್ಲಿ ಸುಟ್ಟಿದ್ದ ಎರಡನೇ ಸುರುಳಿಯನ್ನು ಕಿತ್ತೆಸೆದು, ಗೋಡೆಯಿಂದ ಕರೆಂಟು ಬರುವ ಮೊದಲನೇ ಸುರುಳಿಯ ತಂತಿಯನ್ನೇ ನಡುವೆ ಒಂದು ಕಡೆ ಕೆರೆದು, ಅಲ್ಲಿಂದಲೇ ಬ್ಯಾಟರಿಗೆ ತಂತಿ ಎಳೆದಿದ್ದರು ಭಾವ. ವೋಲ್ಟೇಜು ಕಮ್ಮಿಯಾಗುತ್ತದೆ, ನಿಜ. ಮೀಟರು ಸರಿಯಾಗಿಯೇ ತೋರಿಸುತ್ತದೆ. ಆದರೆ ಗೋಡೆಯ ಕರೆಂಟಿಗೂ ಗಾಡಿಗೂ ನಡುವೆ ಏನೂ ಇಲ್ಲ, ಬಾಗಿಲಿಲ್ಲದ ಮನೆಯ ಹಾಗೆ. ಶೆಡ್ಡಿನಲ್ಲಿ ಒಬ್ಬಳಿದ್ದಳು, ಸುರುಳಿಗಳ ನಡುವೆ ಹಾಕುವ ಕಾಗದ ಕತ್ತರಿಸುವುದೇ ಅವಳ ಕೆಲಸ, ಎಲ್ಲರೂ ಕಾಗದದಕ್ಕ ಎನ್ನುತ್ತಿದ್ದರು. ಮೊದಲನೇ ಸುರುಳಿ ಮುಗಿದ ಮೇಲೆ ಕಾಗದ ಹಾಸದೆ ಯಾರೂ ಎರಡನೆಯದಕ್ಕೆ ಕೈ ಹಚ್ಚುವಂತಿರಲಿಲ್ಲ. ಕಾಗದದಲ್ಲಿ ಒಂದು ಮಡಿಕೆ ಕಂಡರೂ ಇಡೀ ಸುತ್ತು ಬಿಚ್ಚಿಸುತ್ತಿದ್ದಳು. "ಇವೆರಡೂ ಒಂದನ್ನೊಂದು ಮುಟ್ಟಬಾರದು ಕಣ್ರೇ. ಮುಟ್ಟದೇನೇ ಕೊಡಬೇಕು, ಮುಟ್ಟದೇನೇ ತಗೋಬೇಕು. ಅದೇ ಇದರ ಮರ್ಯಾದೆ," ಎನ್ನುತ್ತಿದ್ದಳು. ಹುಡುಗಿಯರೆಲ್ಲ ಸೆರಗು ಬಾಯಿಗಿಟ್ಟು ಕಿಸಿಕಿಸಿ ನಗುತ್ತಿದ್ದರು, ಇವಳೂ ನಗುತ್ತಿದ್ದಳು. ಮಡಿಕೆ ಕಾಣದ ಹಾಗೆ ಮುಚ್ಚಿ ಒಂದು ಸುರುಳಿ ದಾಟಿಸಿದ್ದೂ ಉಂಟು.

ಅಟ್ಟದ ಮೇಲೆ ಹಳೆಯ ಫ್ರಿಜ್ಜಿನ ಸ್ಟೆಬಿಲೈಸರ್ ಇತ್ತು. ಅದನ್ನು ಇಳಿಸಿ, ಒಳಗಿನ ಕಬ್ಬಿಣದ ತೆಳು ತಗಡುಗಳನ್ನು ಒಂದೊಂದಾಗಿ ಬಿಡಿಸಿ ಒರೆಸಿಟ್ಟು, ಹಳೆಯ ತಂತಿ ಬಿಚ್ಚಿ ಬರಿದಾದ ಸುರುಳಿಯ ಅಚ್ಚನ್ನು ಲಟ್ಟಣಿಗೆಯ ತುದಿಗೆ ಸಿಕ್ಕಿಸಿ, ಲಟ್ಟಣಿಗೆಯನ್ನು ಎರಡು ಡಬ್ಬಿಗಳ ನಡುವೆ ಕೂರಿಸಿಕೊಂಡಳು. ಹೊಸ ತಂತಿ ತಂದಳು, ಕಾಗದ ತಂದಳು, ಮೂರು ಪಿನ್ನಿನ ಪ್ಲಗ್ಗು, ಫ್ಯೂಸು ತಂದಳು. ಬ್ಯಾಟರಿ ತುಂಬಿದ ಕೂಡಲೇ ತಾನೇ ಚಾರ್ಜು ನಿಲ್ಲಿಸುವ ಬೋರ್ಡನ್ನು ಮಾತ್ರ ಸಿದ್ಧವಾಗಿರುವುದನ್ನೇ ತಂದಳು. ಅದು ತನ್ನ ವಿದ್ಯೆಯಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಸುತ್ತಲು ಕೂತಾಗ ಬೆರಳು ಮರೆತಿರಲಿಲ್ಲ. ತಂತಿಯನ್ನು ಹೆಬ್ಬೆರಳು ಎಷ್ಟು ಬಿಗಿ ಹಿಡಿಯಬೇಕು, ಸಾಲಿನ ಕೊನೆಯಲ್ಲಿ ಹೇಗೆ ಹೊರಳಿಸಬೇಕು ಎಲ್ಲ ತಾನಾಗಿ ಬಂತು. ಮರೆತದ್ದು ಕಣ್ಣು. ಕನ್ನಡಕ ಜಾರುತ್ತಿತ್ತು. ಎಣಿಕೆ ತಪ್ಪಿದರೆ ಬಿಚ್ಚಿ ಮೊದಲಿಂದ, ಬೇರೆ ದಾರಿಯಿಲ್ಲ. ಎರಡು ಸಲ ಬಿಚ್ಚಿದಳು. ಮೂರನೇ ಸಲ ಸುತ್ತುತ್ತಿರುವಾಗ ಭಾವ ಬಂದರು.

ಮನೆಯೊಳಗೆ ಶೂ ಹಾಕಿಕೊಂಡು ಬರಲು ಅಪ್ಪಣೆಯಿದ್ದವರು ಭಾವ ಒಬ್ಬರೇ. ಸಕ್ಕರೆ ಕಾಯಿಲೆ, ಕಾಲಿಗೆ ಗಾಯವಾಗಬಾರದು ಎಂದು ಡಾಕ್ಟರು ಹೇಳಿದ್ದರಿಂದ ಮನೆಯಲ್ಲಿ ಹಾಕಲೆಂದೇ ಒಂದು ಜೊತೆ ರಬ್ಬರಿನ ಅಡಿಯ ಶೂ ಇಟ್ಟುಕೊಂಡಿದ್ದರು. ಹೋದಲ್ಲೆಲ್ಲ ಅದು ಚೀಲದಲ್ಲಿರುತ್ತಿತ್ತು. ಬಾಗಿಲಲ್ಲಿ ಬದಲಾಯಿಸಿಕೊಂಡು ಒಳಬಂದವರು ಮೇಜಿನ ಮೇಲೆ ತಮ್ಮ ಡಬ್ಬಿ ಬಾಯ್ತೆರೆದು ಕೂತಿರುವುದನ್ನು ನೋಡಿ ನಿಂತರು.

"ಇದೇನಮ್ಮ ಇದು?"

"ನೂರ ಎಂಬತ್ತಾರು," ಎಂದಳು. ಎಣಿಕೆ ಬಿಡುವಂತಿರಲಿಲ್ಲ.

"ನನ್ನ ಕೈಕೆಲಸ ಬಿಚ್ಚಿ ಹಾಕಿದ್ದೀಯಲ್ಲ?"

"ನೂರ ಎಂಬತ್ತೇಳು. ಕೂತ್ಕೊಳ್ಳಿ ಭಾವ. ಎಂಬತ್ತೆಂಟು."

"ಕೂರೋದಿರ್ಲಿ. ಏನಾಗಿತ್ತು ಅದಕ್ಕೆ? ಮೀಟರ್ ಸುಳ್ಳು ಹೇಳುತ್ತೇನಮ್ಮ? ಬ್ಯಾಟರಿ ತುಂಬ್ತಿರ್ಲಿಲ್ವಾ? ಒಂದು ಮಾತು ನನ್ನ ಕೇಳೋಕಾಗ್ಲಿಲ್ವಾ ನಿನಗೆ? ನಾನೇನು ಹೊರಗಿನವನಾ?"

ಸಾಲಿನ ಕೊನೆ ಬಂದಿತ್ತು. ಅವಳು ತಂತಿಯನ್ನು ಅಂಟುಪಟ್ಟಿಯಿಂದ ಬಿಗಿದು, ಎಣಿಕೆಯನ್ನು ಸೀಮೆಸುಣ್ಣದಿಂದ ಮೇಜಿನ ಮೇಲೇ ಬರೆದಿಟ್ಟು ಎದ್ದಳು. ಭಾವನನ್ನು ಕಂಡರೆ ಅವಳಿಗೆ ಈಗಲೂ ತಲೆ ತಾನೇ ಬಾಗುತ್ತದೆ. ಲಕ್ವ ಹೊಡೆದ ದಿನ ಗಂಡನನ್ನು ಮಗುವಿನ ಹಾಗೆ ಎತ್ತಿಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತಿದವರು ಇವರೇ. ಆ ಮನುಷ್ಯನ ಮುಖಕ್ಕೆ ಈಗ ಇದನ್ನು ಹಿಡಿಯಬೇಕು. ಬೇಡವೆನಿಸಿತು, ಆದರೆ ಹೇಳದೆ ಬಿಟ್ಟರೆ ನಾಳೆ ಇನ್ನೊಬ್ಬರ ಮನೆಯಲ್ಲಿ ಇನ್ನೊಂದು ಡಬ್ಬಿ ಕೂಡಿಸುತ್ತಾರೆ. ಒಳಕೋಣೆಗೆ ಹೋಗಿ ಗಂಡನ ಬೆನ್ನಿಗೆ ಕೈಕೊಟ್ಟು ಎಬ್ಬಿಸಿ, ತೋಳು ಹಿಡಿದು ನಡೆಸಿಕೊಂಡು ಬಂದು, ಬಾಗಿಲ ಪಕ್ಕದ ಮರದ ಕುರ್ಚಿಯಲ್ಲಿ ಕೂರಿಸಿದಳು. "ನೀವೂ ನೋಡ್ಬೇಕು," ಎಂದಳು. ಡಬ್ಬಿಯ ಮುಚ್ಚಳ ಮುಚ್ಚಿ, ಗಾಡಿಗೆ ಸಿಕ್ಕಿಸಿ, ಸ್ವಿಚ್ಚು ಆರಿಸಿಯೇ ಇಟ್ಟು, ಒಂದು ಹೋಲ್ಡರಿಗೆ ಪುಟ್ಟ ಬಲ್ಬು ಹಾಕಿ, ಅದರ ಒಂದು ತಂತಿಯನ್ನು ಗಾಡಿಯ ಕಬ್ಬಿಣಕ್ಕೂ ಇನ್ನೊಂದನ್ನು ಕಿಟಕಿಯ ಸರಳಿಗೂ ಸುತ್ತಿದಳು.

"ಇಬ್ಬರೂ ದೂರ ಇರಿ," ಎಂದು ಸ್ವಿಚ್ಚು ಒತ್ತಿದಳು.

ಬಲ್ಬು ಹತ್ತಿತು. ನಡುಹಗಲ ಬೆಳಕಿನಲ್ಲೂ ಕಾಣುವಷ್ಟು, ಕಿಟಕಿಗೂ ಗಾಡಿಗೂ ನಡುವೆ ತೂಗುತ್ತ, ಹಳದಿಯಾಗಿ ಉರಿಯಿತು. ಅವಳು ಆರಿಸಿ, ಪ್ಲಗ್ಗು ತಿರುಗಿಸಿ ಹಾಕಿ ಮತ್ತೆ ಒತ್ತಿದಳು. ಬಲ್ಬು ಹತ್ತಲಿಲ್ಲ. "ಒಂದು ದಿನ ಹೀಗೆ, ಒಂದು ದಿನ ಹಾಗೆ," ಎಂದಳು. "ಮೀಟರ್ ಸುಳ್ಳು ಹೇಳ್ಲಿಲ್ಲ ಭಾವ. ನಾವು ಎರಡು ತಂತಿ ನಡುವೆ ಎಷ್ಟಿದೆ ಅಂತ ಕೇಳಿದ್ವಿ, ಅದು ಹೇಳ್ತು. ಇವರಿಗೂ ನೆಲಕ್ಕೂ ನಡುವೆ ಎಷ್ಟಿದೆ ಅಂತ ಯಾರೂ ಕೇಳ್ಲಿಲ್ಲ."

ಭಾವ ಕಿಟಕಿ ನೋಡಿದರು, ತಮ್ಮ ಶೂ ನೋಡಿಕೊಂಡರು. "ಅಯ್ಯೋ," ಎಂದರು. ಮತ್ತೆ, "ಮುಟ್ಟಿ ನೋಡಿದ್ನಲ್ಲಮ್ಮ ನಾನು. ಒಂದಾದ ಮೇಲೊಂದು ಮುಟ್ಟಿದೆ. ಒಟ್ಟಿಗೆ ಮುಟ್ಟಲಿಲ್ಲ. ಅದೂ ಇದನ್ನ ಹಾಕ್ಕೊಂಡು. ಊರೆಲ್ಲ ಹೇಳ್ಕೊಂಡು ನಕ್ಕೆ. ಕೊಂದುಬಿಡ್ತಿದ್ನಲ್ಲಮ್ಮ ಇವನ್ನ ನಾನು."

"ಪ್ಲಗ್ ಹಾಕ್ತಿದ್ದವಳು ನಾನು," ಎಂದಳು. ಗಂಡನ ಕಡೆ ತಿರುಗಿದಳು. ಇನ್ನು ತಡೆಯುವುದು ಬೇಡ. "ನೀವು ಹೇಳಿದ್ರಿ. ಬಾಯಿ ಬಿಟ್ಟು ಎಷ್ಟೋ ಸಲ ಹೇಳಿದ್ರಿ. ನಾನು ನಾಟಕ ಅಂದೆ. ತಪ್ಪು ನನ್ನದು ರೀ."

ಗಂಡ ಆರಿದ ಬಲ್ಬನ್ನೇ ನೋಡುತ್ತಿದ್ದ. ಅವನ ಸೊಟ್ಟ ಬಾಯಿ ಅದುರಿತು. ಬೈಯುತ್ತಾನೆ, ಬೈಯಲಿ ಎಂದು ಕಾದಳು. ಅವನು ಬಲಗೈ ಎತ್ತಿ, ಇನ್ನೊಮ್ಮೆ ಹಾಕು ಎಂಬಂತೆ ಬೆರಳು ತೋರಿಸಿದ. ಅವಳು ಪ್ಲಗ್ಗು ತಿರುಗಿಸಿ ಹಾಕಿ ಹೊತ್ತಿಸಿದಳು. ಅವನು ನೋಡಿದ. ಸಾಕಾಗುವಷ್ಟು ನೋಡಿ, "ಹೂಂ," ಎಂದ. ಆಮೇಲೆ ತಾನೇ ಗೋಡೆ ಹಿಡಿದು ಎದ್ದು ಮಂಚಕ್ಕೆ ಹೋಗಿ ಮಲಗಿಬಿಟ್ಟ. ಮುಖ ಗೋಡೆಯ ಕಡೆಗೇ ಇತ್ತು. ನಿಜ ತೋರಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ತಾನು ಒಳಗೊಳಗೇ ಲೆಕ್ಕ ಹಾಕಿದ್ದೆ ಎಂದು ಅವಳಿಗೆ ಆಗ ತಿಳಿದು ನಾಚಿಕೆಯಾಯಿತು. ನೋಡಿದ್ದರಿಂದ ಅವನ ಭಯ ಹೋಗಿರಲಿಲ್ಲ, ಖಾತ್ರಿಯಾಗಿತ್ತು ಅಷ್ಟೇ. ತಿರುಗಿ ನೋಡಿದರೆ ಭಾವ ಬಾಗಿ ಶೂಗಳ ದಾರ ಬಿಚ್ಚುತ್ತಿದ್ದರು. ಊದಿದ ಪಾದಗಳನ್ನು ನೆಲಕ್ಕೂರಿ, ತಂತಿಯ ಉಂಡೆಯನ್ನು ಎರಡು ಕೈಯಲ್ಲಿ ಹಿಡಿದು ಅವಳೆದುರು ಕೂತು, "ನೀನು ಸುತ್ತಮ್ಮ, ನಾನು ಬಿಡ್ತಾ ಹೋಗ್ತೀನಿ. ಎಣಿಕೆ ಎಲ್ಲಿತ್ತು?" ಎಂದರು. ಅವಳು ಸೀಮೆಸುಣ್ಣದ ಗುರುತು ನೋಡಿ ಶುರುಮಾಡಿದಳು. ಇಬ್ಬರೂ ಜೋರಾಗಿ ಎಣಿಸಿದರು. ಭಾವ ಒಮ್ಮೆ ಒಂದನ್ನು ಹಾರಿಸಿದರು, ಅವಳು ಅಲ್ಲಿಯೇ ಹಿಡಿದಳು.

ಮೊದಲನೇ ಸುರುಳಿಯ ಮೇಲೆ ಕಾಗದ ಹಾಸುವಾಗ ಒಂದು ಮೂಲೆ ಮಡಿಸಿಕೊಂಡಿತು. ಯಾರೂ ನೋಡಿರಲಿಲ್ಲ, ಭಾವ ಕನ್ನಡಕ ಒರೆಸುತ್ತಿದ್ದರು. ಅವಳು ಬಿಚ್ಚಿ, ಆ ತುಂಡನ್ನು ಎಸೆದು ಬೇರೆಯದನ್ನು ಕತ್ತರಿಸಿದಳು. ಅದರ ಮೇಲೆ ದಪ್ಪ ತಂತಿಯ ಎರಡನೇ ಸುರುಳಿ ಬಂತು, ತಗಡುಗಳು ಒಂದೊಂದಾಗಿ ಒಳಹೋದವು, ವಾರ್ನಿಷು ಒಣಗಿತು. ಎರಡು ಸುರುಳಿಗಳ ನಡುವೆ ಬಲ್ಬು ಇಟ್ಟು ಪರೀಕ್ಷಿಸಿದಳು, ಹತ್ತಲಿಲ್ಲ. ತಗಡುಗಳ ಕಟ್ಟಿಗೂ ಡಬ್ಬಿಗೂ, ನೆಲಕ್ಕೆ ಹೋಗುವ ಮೂರನೇ ಪಿನ್ನಿನ ತಂತಿ ಬಿಗಿದಳು. ಬ್ಯಾಟರಿಯಿಂದ ಗಾಡಿಯ ಕಬ್ಬಿಣಕ್ಕೆ ಕಟ್ಟಿದ್ದ ತಂತಿಯನ್ನು ಭಾವ ತಾವೇ ಕತ್ತರಿಸಿ, "ಬಸ್ಸಂತೆ ಬಸ್ಸು," ಎಂದು ಗೊಣಗಿ ಹೊಸ ತಂತಿ ಎಳೆದರು. ಗಾಡಿಗೂ ಸರಳಿಗೂ ನಡುವೆ ಬಲ್ಬು ಕಟ್ಟಿ, ಮೀಟರು ಇಟ್ಟು, ಪ್ರತಿಯೊಂದು ರೀತಿಯಲ್ಲೂ ನೋಡಿದರು. ಬಲ್ಬು ಸತ್ತ ಹಾಗಿತ್ತು, ಮುಳ್ಳು ಅಲುಗಲಿಲ್ಲ.

ಮರುದಿನ ಬೆಳಿಗ್ಗೆ ನೆಲ ಒರೆಸಿ, ಕಿಟಕಿಯ ರೆಕ್ಕೆ ಪೂರ್ತಿ ತೆರೆದು, ಗಾಡಿಯನ್ನು ಚಾರ್ಜಿಗೆ ಹಾಕಿ, ಗಂಡನನ್ನು ಹಿಡಿದುಕೊಂಡು ಬಂದಳು. ಅವನು ಬಾಗಿಲಲ್ಲೇ ನಿಂತ. "ಬೇಡ," ಎಂದ. ಅವಳು ಒತ್ತಾಯ ಮಾಡಲಿಲ್ಲ. ಅವನನ್ನು ಮರದ ಕುರ್ಚಿಯಲ್ಲಿ ಕೂರಿಸಿ, ತಾನು ಹೋಗಿ ಗಾಡಿಯ ಹಿಡಿಯನ್ನು ಒಂದು ಕೈಯಲ್ಲಿ ಹಿಡಿದಳು. ಇನ್ನೊಂದು ಕೈ ಸರಳಿನ ಕಡೆ ಹೋಗುವಾಗ ಅರ್ಧದಲ್ಲಿ ತಡೆಯಿತು. ಬಲ್ಬು ನೋಡಿದ್ದೇನೆ, ಮೀಟರು ನೋಡಿದ್ದೇನೆ, ಆದರೂ ಇಷ್ಟು ಹೆದರಿಕೆ. ಇವರು ಏನೂ ಗೊತ್ತಿಲ್ಲದೆ ದಿನವೂ ಹಿಡಿದರಲ್ಲ. ಹಿಡಿದಳು.

"ಚಪ್ಪಲಿ?" ಎಂದ ಗಂಡ.

ಅವಳು ಸೀರೆಯ ಅಂಚು ಎತ್ತಿ ತೋರಿಸಿದಳು. ಬರಿಗಾಲು, ಒದ್ದೆ ನೆಲ.

ಅವನು ಬಹಳ ಹೊತ್ತು ಆ ಪಾದಗಳನ್ನು ನೋಡಿದ. ತಿರುವಿನಲ್ಲಿ ಒಂದು ಬಸ್ಸು ಗೇರು ಬದಲಿಸುತ್ತ ಕರಕರ ಎಂದಿತು. ಅವನ ಕತ್ತು ತಾನಾಗಿ ಆ ಕಡೆ ಹೊರಳಿತು. "ಕತ್ತೆ. ಕ್ಲಚ್ ಒತ್ತೋ," ಎಂದ. ಎದ್ದ. ಅವಳು ಕೈ ಕೊಡಲು ಹೋದಾಗ ಬೇಡ ಎಂದು ತಾನೇ ಗಾಡಿಯಲ್ಲಿ ಕೂತ. ಬಲಗೈಯನ್ನು ಸರಳಿನ ಹತ್ತಿರ ಒಯ್ದು, ನಿಲ್ಲಿಸಿ, ಒಂದು ಬೆರಳು ತಾಗಿಸಿ, ಆಮೇಲೆ ಮುಷ್ಟಿಯಾಗಿ ಹಿಡಿದ.

"ಆ!" ಎಂದು ಕಿರುಚಿದ. ಮೈಯೆಲ್ಲ ಸೆಟೆದು ತಲೆ ಹಿಂದಕ್ಕೆ ಬಿತ್ತು.

ಅವಳಿಗೆ ಬಲ್ಬು ನೆನಪಾಗಲಿಲ್ಲ, ಮುಳ್ಳು ನೆನಪಾಗಲಿಲ್ಲ. ಸುತ್ತಿದ ಕೈ ತನ್ನದೆಂಬುದೂ ನೆನಪಾಗಲಿಲ್ಲ. ಒದ್ದೆ ನೆಲದಲ್ಲಿ ಜಾರಿ, ಮಂಡಿಯೂರಿ ಬಿದ್ದು, ಸ್ವಿಚ್ಚಿಗೆ ಹೊಡೆದು, ಪ್ಲಗ್ಗನ್ನು ಗೋಡೆಯಿಂದ ಕಿತ್ತೆಸೆದು ತಿರುಗಿದಳು. ಗಂಡ ಸರಳನ್ನು ಬಿಟ್ಟಿರಲಿಲ್ಲ. ಹಿಡಿದುಕೊಂಡೇ ಕೂತಿದ್ದ. ಸೊಟ್ಟ ಬಾಯಿ ಇನ್ನಷ್ಟು ಸೊಟ್ಟಗಾಗಿ, ಭುಜ ಕುಲುಕುತ್ತಿತ್ತು. ನಗುತ್ತಿದ್ದ. ಲಕ್ವ ಹೊಡೆದ ಮೇಲೆ ಅವನು ಹೀಗೆ ನಕ್ಕದ್ದನ್ನು ಅವಳು ನೋಡಿರಲಿಲ್ಲ.

"ಥೂ ನಿಮ್ಮ! ಜೀವ ಹೋಯ್ತಲ್ರೀ ನಂದು!"

"ನಾಟಕ," ಎಂದ. ಒಂದೊಂದೇ ಮಾತನ್ನು ಹುಡುಕಿ, ಅದಲುಬದಲಾಗದ ಹಾಗೆ ಜೋಡಿಸಿ ಹೇಳಿದ. "ಇದು ನಾಟಕ. ಇದನ್ನ ನೀನು ನಂಬಿದೆ ನೋಡು."

ಅವಳು ನೆಲದಲ್ಲೇ ಕೂತುಬಿಟ್ಟಳು. ಸೀರೆ ಒದ್ದೆಯಾಯಿತು, ಮಂಡಿ ಉರಿಯುತ್ತಿತ್ತು, ಅಳು ಬಂತು, ನಗುವೂ ಬಂತು. ಅವನು ಸರಳು ಹಿಡಿದು ಬೀದಿಯ ಕಡೆ ತಿರುಗಿದ. ಸ್ವಲ್ಪ ಹೊತ್ತಾದ ಮೇಲೆ, ತಿರುಗಿ ನೋಡದೆಯೇ, "ಹಾಕೇ ಪ್ಲಗ್ಗು," ಎಂದ. "ಬ್ಯಾಟರಿ ಇನ್ನೂ ಅರ್ಧವೂ ತುಂಬಿಲ್ಲ."